ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ?

ಗೋವಾದಿಂದ ಮಂಗಳೂರಿನವರೆಗೆ ಹಾಯಿನೌಕೆಯಲ್ಲಿ ಹೋಗಿಬಂದೆ ಎಂದು ದಾವಣಗೆರೆಯಲ್ಲಿ ಹೇಳಿದರೆ ಮೊದಲ ಪ್ರಶ್ನೆ ವಾಂತಿಯ ಬಗ್ಗೆ, ಎರಡನೆಯದು ಖರ್ಚಿನ ಬಗ್ಗೆ. ನನ್ನ ಅಂಗಡಿಗೆ ಬರುವ ಲಾರಿ ಚಾಲಕರು ಮಾತ್ರ ಬೇರೆಯದನ್ನು ಕೇಳಿದರು: ‘ರಾತ್ರಿ ಎಲ್ಲಿ ನಿಲ್ಲಿಸುತ್ತೀರಿ?’ ಕೇಳಬೇಕಾದ ಪ್ರಶ್ನೆ ಅದೇ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ವರ್ಷಗಟ್ಟಲೆ ಓಡಾಡಿದವರಿಗೆ ಗೊತ್ತು, ಲಾರಿ ಓಡಿಸುವುದು ಕೈಕಾಲಿನ ಕೆಲಸ; ಕತ್ತಲಾದ ಮೇಲೆ ಸರಕು ಸಮೇತ ಅದನ್ನು ಎಲ್ಲಿ ನಿಲ್ಲಿಸಿ ಕಣ್ಣು ಮುಚ್ಚಬಹುದು ಎನ್ನುವುದು ತಲೆಯ ಕೆಲಸ. ಕರಾವಳಿಯ ನೀರಿನಲ್ಲೂ ಹಾಗೆಯೇ. ಬೆಳಗ್ಗೆ ಲಂಗರು ಎತ್ತುವ ಮೊದಲೇ ಸಂಜೆಯ ಜಾಗ ನಿಶ್ಚಯವಾಗಿರಬೇಕು. ಅದು ಕೈಕೊಟ್ಟರೆ ಎರಡನೆಯದೊಂದು ಇರಬೇಕು. ಅದೂ ಆಗದಿದ್ದರೆ ದಡದಿಂದ ದೂರ ಸರಿದು ರಾತ್ರಿಯಿಡೀ ಓಡುತ್ತಲೇ ಇರಲು ಸಿದ್ಧವಿರಬೇಕು. ಕತ್ತಲಲ್ಲಿ ಗುರುತಿಲ್ಲದ ದಡಕ್ಕೆ ಹತ್ತಿರವಾಗುವುದಕ್ಕಿಂತ ತೆರೆದ ಸಮುದ್ರ ವಾಸಿ.

ನಮ್ಮದು ಪಿ.ಬಿ. ರಸ್ತೆಯ ಬಳಿ ಟಾರ್ಪಾಲಿನ್ ಹೊಲಿಯುವ ಅಂಗಡಿ. ಹರಿಹರದ ನನ್ನ ಸಹಪಾಠಿಯೊಬ್ಬ ಸರಕು ಹಡಗುಗಳಲ್ಲಿ ಎಂಜಿನಿಯರ್ ಆಗಿ ದುಡಿದು ನಿವೃತ್ತನಾದ ಮೇಲೆ ಗೋವಾದಲ್ಲಿ ಹಳೆಯ ಯಾಟ್ ಒಂದನ್ನು ಕೊಂಡ. 32 ಅಡಿ ಉದ್ದ, ಫೈಬರ್ ಒಡಲು, ಹಾಯಿ ಕಟ್ಟುವ ಕಂಬ ಅಂದರೆ ಕೂವೆಮರ ಒಂದು, ಹಾಯಿ ಎರಡು, ಹೊಟ್ಟೆಯೊಳಗೆ ಸಣ್ಣ ಡೀಸೆಲ್ ಎಂಜಿನ್. ದೊಡ್ಡ ಹಾಯಿಯ ಬಟ್ಟೆ ಗಟ್ಟಿಯಾಗಿತ್ತು, ಹೊಲಿಗೆ ಮಾತ್ರ ಬಿಸಿಲಿಗೆ ಸುಟ್ಟು ಉದುರುತ್ತಿತ್ತು. ಅದನ್ನು ಸುತ್ತಿ ಬಸ್ಸಿನ ಮೇಲೆ ಹಾಕಿಕೊಂಡು ನನ್ನ ಅಂಗಡಿಗೆ ಬಂದ. ಹಾಯಿಗೆ ಟಾರ್ಪಾಲಿನ್ನಿಗೆ ಹಾಕುವ ನೇರ ಹೊಲಿಗೆ ಆಗುವುದಿಲ್ಲ. ಗಾಳಿ ತುಂಬಿ ಬಟ್ಟೆ ಹಿಗ್ಗಿದಾಗ ನೇರ ದಾರ ಕಡಿಯುತ್ತದೆ. ಅಂಕುಡೊಂಕಾಗಿ ಓಡುವ ಹೊಲಿಗೆ, ಬಿಸಿಲು ತಡೆಯುವ ಪಾಲಿಯೆಸ್ಟರ್ ದಾರ ಬೇಕು. ಎರಡನ್ನೂ ಹೊಂದಿಸಿದೆ. ಕೂಲಿ ಬೇಡ, ನನ್ನನ್ನೂ ಕರೆದುಕೊಂಡು ಹೋಗು ಎಂದೆ. ಅಕ್ಕನ ಮಗನೂ ಜೊತೆಗೆ ಸೇರಿದ. ಭದ್ರಾ ನಾಲೆಯ ಓಟದ ನೀರಿನಲ್ಲಿ ಈಜು ಕಲಿತ ಹುಡುಗ. ಅವನ ಈಜು ಮುಂದೆ ಕೆಲಸಕ್ಕೆ ಬಂತು.

ಹೊರಡುವ ಮೊದಲಿನ ಸಂಜೆಗಳೆಲ್ಲ ಅಂಗಡಿಯಲ್ಲೇ ಕಳೆದವು. ಷಟರ್ ಎಳೆದು, ಬಟ್ಟೆ ಕತ್ತರಿಸುವ ನೆಲದ ಮೇಲೆ ನಕ್ಷೆ ಹಾಸಿ ಕೂರುತ್ತಿದ್ದೆವು. ಪಕ್ಕದಲ್ಲಿ ಮಂಡಕ್ಕಿ, ಮೆಣಸಿನಕಾಯಿ. ಎಣ್ಣೆಗೈಯಲ್ಲಿ ನಕ್ಷೆ ಮುಟ್ಟಿದರೆ ಗೆಳೆಯ ಸಿಡುಕುತ್ತಿದ್ದ. ಸಮುದ್ರದ ನಕ್ಷೆ ಪ್ರಕಟಿಸುವ ರಾಷ್ಟ್ರೀಯ ಜಲಮಾಪನ ಕಚೇರಿ ಇರುವುದು ಡೆಹ್ರಾಡೂನಿನಲ್ಲಿ. ಉಬ್ಬರ ಇಳಿತದ ಕೋಷ್ಟಕ ಹೊರತರುವ ಭಾರತೀಯ ಸರ್ವೇಕ್ಷಣಾ ಇಲಾಖೆಯ ಕೇಂದ್ರವೂ ಡೆಹ್ರಾಡೂನ್. ಅಲೆಗಳ ಮುನ್ಸೂಚನೆ ಕೊಡುವ ಇನ್‌ಕಾಯಿಸ್ ಸಂಸ್ಥೆ ಹೈದರಾಬಾದಿನದು. ದೇಶದ ಸಮುದ್ರದ ಲೆಕ್ಕವೆಲ್ಲ ಸಮುದ್ರವಿಲ್ಲದ ಊರುಗಳಲ್ಲೇ ಆಗುತ್ತಿರುವಾಗ ದಾವಣಗೆರೆಯವರು ಸಂಕೋಚಪಡಬೇಕಾಗಿಲ್ಲ ಎಂದು ನನಗೆ ಧೈರ್ಯ ಬಂತು.

ನಕ್ಷೆಯ ಮೇಲಿನ ಅಂಕಿಗಳು ಹೆಚ್ಚುಕಡಿಮೆ ಅತಿ ಕಡಿಮೆ ಇಳಿತದಲ್ಲಿ ಇರುವ ಆಳ. ಪಕ್ಕದ ಅಕ್ಷರಗಳು ತಳದ ಜಾತಿ ಹೇಳುತ್ತವೆ: ‘ಎಂ’ ಎಂದರೆ ಕೆಸರು, ‘ಎಸ್’ ಎಂದರೆ ಮರಳು, ‘ಆರ್’ ಎಂದರೆ ಬಂಡೆ. ಕೆಸರು, ಮರಳು ಲಂಗರನ್ನು ಹಿಡಿಯುತ್ತವೆ. ಬಂಡೆ ಒಂದೋ ಹಿಡಿಯುವುದಿಲ್ಲ, ಇಲ್ಲವೇ ಹಿಡಿದದ್ದನ್ನು ಬಿಡುವುದಿಲ್ಲ. ಇಷ್ಟು ಅರ್ಥವಾದ ಮೇಲೆ ಗೆಳೆಯ ಗಾಳಿಯ ಪಾಠಕ್ಕೆ ಬಂದ. ಮಳೆಗಾಲ ಮುಗಿದು ಬೇಸಗೆ ಏರುವವರೆಗೆ ಈ ಕರಾವಳಿಯಲ್ಲಿ ದಿನಚರಿ ಬಹುತೇಕ ಒಂದೇ. ಬೆಳಗಿನ ಜಾವ ದಡದಿಂದ ಸಮುದ್ರದ ಕಡೆಗೆ ತಣ್ಣನೆಯ ಗಾಳಿ. ಬಿಸಿಲೇರುತ್ತಿದ್ದಂತೆ ಅದು ಸಾಯುತ್ತದೆ. ಮಧ್ಯಾಹ್ನದ ಮೇಲೆ ವಾಯವ್ಯದಿಂದ ಸಮುದ್ರದ ಗಾಳಿ ಏಳುತ್ತದೆ, ಸೂರ್ಯ ಮುಳುಗಿದ ಮೇಲೆ ಇಳಿಯುತ್ತದೆ. ಆದ್ದರಿಂದ ದಕ್ಷಿಣಕ್ಕೆ ಹೋಗುವವನಿಗೆ ಮಧ್ಯಾಹ್ನದ ಗಾಳಿ ಬೆನ್ನಿಗೆ. ತೊಂದರೆ ಇರುವುದು ಅಲೆಯಲ್ಲಿ. ಚಳಿಗಾಲದಲ್ಲಿ ಅರಬ್ ನಾಡುಗಳ ಕಡೆ ಬೀಸುವ ಶಮಾಲ್ ಗಾಳಿ ಎಬ್ಬಿಸಿದ ಉದ್ದನೆಯ ಅಲೆಗಳು ವಾಯವ್ಯದಿಂದ ಇಲ್ಲಿಯವರೆಗೂ ಬರುತ್ತವೆ. ಇಲ್ಲಿ ಗಾಳಿಯೇ ಇಲ್ಲದ ರಾತ್ರಿಯೂ ಅವು ಬರುತ್ತಲೇ ಇರುತ್ತವೆ. ಹಾಗಾಗಿ ನಮಗೆ ಬೇಕಾದದ್ದು ಉತ್ತರಕ್ಕೊಂದು ಗುಡ್ಡವೋ ದ್ವೀಪವೋ ಅಡ್ಡ ಇರುವ ನೀರು.

ಕರ್ನಾಟಕದ ಸುಮಾರು 320 ಕಿಲೋಮೀಟರ್ ಕರಾವಳಿಯಲ್ಲಿ ಅಂಥ ನೀರು ಕಡಿಮೆ. ಕೊಚ್ಚಿಯ ಬೋಳ್ಗಾಟ್ಟಿಯಲ್ಲಿರುವಂಥ, ಯಾಟ್‌ಗಳಿಗೆಂದೇ ಕಟ್ಟಿದ ಮರೀನಾ ನಮ್ಮಲ್ಲಿಲ್ಲ. ಮೀನುಗಾರಿಕಾ ಬಂದರುಗಳಿವೆ, ಅವು ಅಲ್ಲಿನ ಬೋಟುಗಳಿಗೇ ಸಾಲುವುದಿಲ್ಲ. ಘಟ್ಟದಿಂದ ಇಳಿದ ನದಿಗಳಿವೆ, ಒಳಗೆ ಹೊಕ್ಕರೆ ಕೆರೆಯಷ್ಟು ಶಾಂತ; ಆದರೆ ಪ್ರತಿ ನದಿಯ ಅಳಿವೆಯಲ್ಲಿ ಮರಳಿನ ದಿಬ್ಬ ಕೂತಿದೆ, ಮಳೆಗಾಲ ಕಳೆದಾಗಲೆಲ್ಲ ಅದು ಜಾಗ ಬದಲಿಸುತ್ತದೆ. ಮುದ್ರಿತ ನಕ್ಷೆಯನ್ನು ಅಲ್ಲಿ ನಂಬುವಂತಿಲ್ಲ. ನದಿಯೊಳಗೆ ಸ್ವಲ್ಪ ಹೋಗುವಷ್ಟರಲ್ಲಿ ಹೆದ್ದಾರಿಯ ಸೇತುವೆ ಅಡ್ಡ ಬರುತ್ತದೆ, ನಮ್ಮ ಕೂವೆಮರ ಅದರ ಕೆಳಗೆ ತೂರುವುದಿಲ್ಲ. ಅಕ್ಕನ ಮಗ ನಕ್ಷೆಯಲ್ಲಿ ಪೆನ್ಸಿಲಿನಿಂದ ಒಂದೊಂದೇ ಜಾಗ ಹೊಡೆದುಹಾಕುತ್ತಾ ಬಂದ. ಕೊನೆಗೆ ಉಳಿದವು ಕೈಬೆರಳಿಗೆ ಸಿಗುವಷ್ಟು.

ಲಂಗರು ಹಾಕುವ ಅಭ್ಯಾಸಕ್ಕೆ ಒಂದು ಭಾನುವಾರ ಸೂಳೆಕೆರೆಗೆ ಹೋದೆವು. ಮೀನು ಹಿಡಿಯುವವರ ದೋಣಿ ಕೇಳಿ ಪಡೆದು, ಚಿಕ್ಕ ಲಂಗರಿಗೆ ಲಾರಿ ಹಗ್ಗ ಕಟ್ಟಿ ಎಸೆದೆವು. ಹಗ್ಗ ಗಿಡ್ಡವಿದ್ದಾಗ ಲಂಗರು ಎದ್ದು ಜಾರುತ್ತದೆ. ಉದ್ದ ಬಿಟ್ಟಾಗ ಎಳೆತ ಮಲಗಿ ಬರುವುದರಿಂದ ಮೊನೆ ಹೂಳಿನೊಳಗೆ ಹೂತುಕೊಳ್ಳುತ್ತದೆ. ಕಣ್ಣಾರೆ ನೋಡಿದ ಮೇಲೆ ಲೆಕ್ಕ ಸುಲಭವಾಯಿತು. ಇಳಿತದಲ್ಲಿ 4 ಮೀಟರ್ ಆಳ, ಅದಕ್ಕೆ ಉಬ್ಬರ ತರುವ 2 ಮೀಟರ್, ನೀರಿನಿಂದ ನೌಕೆಯ ಮೂತಿಯವರೆಗೆ 1 ಮೀಟರ್, ಒಟ್ಟು 7. ಅದರ ಐದು ಪಟ್ಟು ಅಂದರೆ 35 ಮೀಟರ್ ಹೊರಗೆ ಬಿಡಬೇಕು. ನಮ್ಮಲ್ಲಿದ್ದದ್ದು 30 ಮೀಟರ್ ಸರಪಳಿ, ಅದರ ಹಿಂದೆ ಹಗ್ಗ. ಸರಪಳಿಯ ಭಾರವೇ ಎಳೆತವನ್ನು ನೆಲಕ್ಕೆ ಒತ್ತಿಡುತ್ತದೆ. ಹಗ್ಗಕ್ಕೆ ಆ ಗುಣವಿಲ್ಲ, ಬಂಡೆಗೆ ಉಜ್ಜಿದರೆ ಹರಿಯುವುದು ಬೇರೆ. ಸರಪಳಿ ಸಾಲದು ಎಂದು ನಾನು ಅಲ್ಲೇ ಹೇಳಿದೆ. ಗೆಳೆಯ ಕೇಳಲಿಲ್ಲ.

ಹೊರಟದ್ದು ಜನವರಿಯಲ್ಲಿ. ಮೊದಲ ರಾತ್ರಿ ಗೋವಾದ ದಕ್ಷಿಣ ತುದಿಗೆ ಹತ್ತಿರದ ಪಾಳೊಳೆಂ. ಕೊಲ್ಲಿಯ ಉತ್ತರ ತುದಿಯಲ್ಲಿ ಪುಟ್ಟ ದ್ವೀಪವೊಂದು ಅಲೆಗೆ ಅಡ್ಡ ನಿಂತಿದೆ, ತಳ ಮರಳು. ಲಂಗರು ಬಿಟ್ಟು, ಎಂಜಿನ್ ಹಿಂದಕ್ಕೆ ಹಾಕಿ ಎಳೆದು, ಅದು ಕೂತಿತೋ ಇಲ್ಲವೋ ಪರೀಕ್ಷಿಸಿದೆವು. ಪರೀಕ್ಷೆ ಹೀಗೆ: ದಡದಲ್ಲಿ ಒಂದರ ಹಿಂದೊಂದು ಇರುವ ಎರಡು ಗುರುತು ಹಿಡಿಯಬೇಕು, ಮುಂದೊಂದು ತೆಂಗಿನಮರ, ಹಿಂದೊಂದು ಮನೆಯ ಮೂಲೆ. ಎಂಜಿನ್ ಎಳೆಯುವಾಗಲೂ ಅವೆರಡೂ ಒಂದೇ ಗೆರೆಯಲ್ಲಿದ್ದರೆ ಲಂಗರು ಹಿಡಿದಿದೆ. ಮೊಬೈಲಿನಲ್ಲಿ ಇದಕ್ಕೆಂದೇ ಅಲಾರಂ ಇದೆ, ನೌಕೆ ವೃತ್ತ ಬಿಟ್ಟು ಸರಿದರೆ ಕೂಗುತ್ತದೆ. ಆದರೂ ನನಗೆ ತೆಂಗಿನಮರದ ಮೇಲೆಯೇ ಹೆಚ್ಚು ನಂಬಿಕೆ. ಕೂವೆಮರದ ತುದಿಗೆ ಬಿಳಿ ದೀಪ ಹಾಕಿ ಮಲಗಿದೆವು.

ಕಾರವಾರದ ಬೈತಖೋಲ್ ಈ ದಾರಿಯಲ್ಲಿ ನಾನು ಕಂಡ ಅತ್ಯುತ್ತಮ ನೀರು. ಗುಡ್ಡ ಒಂದು ಕಡೆ, ಕೊಲ್ಲಿಯ ಬಾಯಲ್ಲಿ ಕೂರ್ಮಗಡ, ದೇವಗಡ ದ್ವೀಪಗಳು. ವಾಯವ್ಯದ ಅಲೆಯ ಸೊಕ್ಕು ಅರ್ಧ ಅಲ್ಲೇ ಮುರಿಯುತ್ತದೆ. ಆದರೆ ದಕ್ಷಿಣಕ್ಕೆ ಅರಗಾದಲ್ಲಿ 2005ರಿಂದ ಕದಂಬ ನೌಕಾನೆಲೆ ಇದೆ, ಅಂಜದೀವ ದ್ವೀಪವೂ ನೌಕಾಪಡೆಯ ಕೈಯಲ್ಲಿದೆ. ಆ ನೀರಿಗೆ ಹತ್ತಿರ ಹೋಗುವಂತಿಲ್ಲ, ದೂರದಿಂದ ಸುತ್ತಿ ಹೋಗಬೇಕು. 2008ರ ಮುಂಬೈ ದಾಳಿಯ ನಂತರ ಪರಿಚಯವಿಲ್ಲದ ದೋಣಿ ಕಂಡರೆ ವಿಚಾರಿಸುವುದು ಕರಾವಳಿಯುದ್ದಕ್ಕೂ ರೂಢಿ, ಅದು ಸರಿಯೂ ಹೌದು. ಕರಾವಳಿ ಕಾವಲು ಪೊಲೀಸರ ದೋಣಿ ಪಕ್ಕಕ್ಕೆ ಬಂತು. ನೌಕೆಯ ನೋಂದಣಿ, ಮೂವರ ಆಧಾರ್, ಎಲ್ಲಿಂದ ಎಲ್ಲಿಗೆ ಎಂಬ ವಿವರ ಎಲ್ಲ ಒಂದು ಕಡತದಲ್ಲಿ ಜೋಡಿಸಿಟ್ಟಿದ್ದೆವು. ‘ಯಜಮಾನರೇ, ದಾವಣಗೆರೆಯಿಂದ ಇಲ್ಲಿಗೆ ಹಾಯಿದೋಣಿಯಲ್ಲಿ ಬಂದಿರಾ?’ ಎಂದು ಒಬ್ಬರು ನಕ್ಕರು. ಇನ್ನೊಂದು ಬಂದರಿನ ಕಚೇರಿಯಲ್ಲಿ ಅಷ್ಟು ಸುಲಭವಾಗಲಿಲ್ಲ. ಅವರ ಅರ್ಜಿಯಲ್ಲಿ ಮೀನುಗಾರಿಕೆ, ಸರಕು, ಪ್ರಯಾಣಿಕರು ಎಂಬ ಮೂರೇ ಕಾಲಂ. ‘ಇದರಲ್ಲಿ ನೀವು ಯಾವುದು?’ ‘ಯಾವುದೂ ಅಲ್ಲ ಸರ್.’ ‘ಹಾಗಾದರೆ ಯಾಕೆ ಬಂದಿರಿ?’ ಇದಕ್ಕೆ ಗೆಳೆಯನ ಬಳಿ ಉತ್ತರವಿರಲಿಲ್ಲ. ಮಧ್ಯಾಹ್ನದ ಊಟದ ನಂತರ ಯಾರೋ ಹಿರಿಯ ಗುಮಾಸ್ತರು ‘ಇತರೆ’ ಎಂದು ಕೈಯಲ್ಲೇ ಬರೆದು ನಮ್ಮನ್ನು ಕಳಿಸಿದರು.

ಕಾಳಿ ನದಿಯ ಒಳಗೆ ಹೋಗುವ ಯೋಚನೆ ನಾವು ದಾವಣಗೆರೆಯಲ್ಲೇ ಬಿಟ್ಟಿದ್ದೆವು. ಅಲ್ಲಿನ ಹಳೆಯ ಹೆದ್ದಾರಿ ಸೇತುವೆ 2024ರ ಆಗಸ್ಟ್‌ನಲ್ಲಿ ರಾತ್ರಿ ಕುಸಿದು ಲಾರಿಯೊಂದು ನದಿಗೆ ಬಿದ್ದ ಸುದ್ದಿಯನ್ನು ನಮ್ಮ ಅಂಗಡಿಯಲ್ಲಿ ವಾರಗಟ್ಟಲೆ ಮಾತಾಡಿದ್ದರು.

ಹೊನ್ನಾವರ ತಲುಪಿದ್ದು ತಪ್ಪು ಹೊತ್ತಿಗೆ, ಸಮುದ್ರಕ್ಕೆ ನಮ್ಮ ಲೆಕ್ಕ ಒಪ್ಪಿಗೆಯಾಗಲಿಲ್ಲ. ಬೆಳಗಿನ ದಡದ ಗಾಳಿ ಅಂದು ಏಳಲೇ ಇಲ್ಲ. ಎಂಜಿನ್ ಹಾಕಿದರೂ ಶರಾವತಿಯ ಅಳಿವೆಯ ಮುಂದೆ ನಿಂತಾಗ ಉಬ್ಬರ ಮುಗಿದು ಇಳಿತ ಶುರುವಾಗಿತ್ತು, ಸಮುದ್ರದ ಗಾಳಿಯೂ ಎದ್ದಿತ್ತು. ನದಿಯ ನೀರು ಹೊರಗೆ ನುಗ್ಗುತ್ತಿರುವಾಗ ಎದುರಿನಿಂದ ಅಲೆ ಬಂದರೆ ಮರಳಿನ ದಿಬ್ಬದ ಮೇಲೆ ಅಲೆಯ ಮುಂಭಾಗ ನೆಟ್ಟಗಾಗಿ ಒಡೆಯುತ್ತದೆ. ಹಿಂದಿನಿಂದ ನೋಡುವವರಿಗೆ ಅದು ಸರಿಯಾಗಿ ಕಾಣುವುದಿಲ್ಲ, ಬಿಳಿ ನೊರೆ ಹಾರಿದಾಗಷ್ಟೇ ಗೊತ್ತಾಗುತ್ತದೆ. ಈ ಅಳಿವೆಯಲ್ಲಿ ಬೋಟು ಮಗುಚಿದ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಓದಿದವರೇ ನಾವು. ಹೊರಗೆ ಕಾಯುತ್ತಿದ್ದ ಮೀನುಗಾರರ ಬೋಟಿನಿಂದ ಹಿರಿಯರೊಬ್ಬರು ಕೈಬೀಸಿ ಕೂಗಿದರು: ‘ಈಗ ಒಳಗೆ ಬರಬೇಡಿ. ನಾವೇ ಕಾಯುತ್ತಿದ್ದೇವೆ.’ ಅವರ ಬೋಟಿಗೆ ಬೇಕಾದ ನೀರು ನಮ್ಮದಕ್ಕಿಂತ ಕಡಿಮೆ. ನಮ್ಮ ಬುಡ 1.7 ಮೀಟರ್ ಕೆಳಗಿದೆ. ಅವರೇ ಕಾಯುವಾಗ ನಾವು ನುಗ್ಗುವ ಮಾತೇ ಇಲ್ಲ.

ಎರಡನೆಯ ಜಾಗ ಬಸವರಾಜದುರ್ಗ, ಊರಿನ ಎದುರಿಗೆ ಸಮುದ್ರದಲ್ಲಿರುವ ಕೋಟೆಯ ದ್ವೀಪ. ಅದರ ಆಗ್ನೇಯ ಮರೆಯಲ್ಲಿ ಗಾಳಿ ತಟ್ಟುವುದಿಲ್ಲ. ಆಳ ನೋಡುವ ಯಂತ್ರವಿದ್ದರೂ ತಳ ಯಾವುದು ಎಂದು ತಿಳಿಯಲು ಗೆಳೆಯ ಹಳೆಯ ಉಪಾಯ ಮಾಡಿದ: ಸೀಸದ ಗುಂಡಿನ ತಳಕ್ಕೆ ಗ್ರೀಸ್ ಮೆತ್ತಿ ಇಳಿಬಿಟ್ಟ. ಮೊದಲ ಸಲ ಏನೂ ಅಂಟದೆ ಬಂತು, ಅಂದರೆ ಬಂಡೆ. ಇನ್ನಷ್ಟು ಸರಿದು ಬಿಟ್ಟಾಗ ಕಪ್ಪು ಮರಳು ಅಂಟಿತು. ಲಂಗರು ಚೆನ್ನಾಗಿಯೇ ಕೂತಿತು. ನಿದ್ದೆ ಮಾತ್ರ ಬರಲಿಲ್ಲ, ಏಕೆಂದರೆ ಉದ್ದನೆಯ ಅಲೆ ದ್ವೀಪವನ್ನು ಎರಡೂ ಕಡೆಯಿಂದ ಸುತ್ತಿಕೊಂಡು ಬಂದು ಹಿಂಬದಿಯಲ್ಲಿ ಕೂಡುತ್ತದೆ. ಗಾಳಿ ನಿಂತ ಮೇಲೆ ನೌಕೆ ಅಲೆಗೆ ಅಡ್ಡ ತಿರುಗಿ ರಾತ್ರಿಯಿಡೀ ಹೊರಳಾಡಿತು. ಪಾತ್ರೆ ಉರುಳಿದವು, ಬಾಗಿಲು ಬಡಿದವು. ಅಕ್ಕನ ಮಗ ನೆಲದ ಮೇಲೆ ಎರಡು ಹಲಗೆಗಳ ನಡುವೆ ಸಿಕ್ಕಿಕೊಂಡು ಮಲಗಿದ. ಸುರಕ್ಷಿತವಾದ ಜಾಗಕ್ಕೂ ನೆಮ್ಮದಿಯ ಜಾಗಕ್ಕೂ ಸಂಬಂಧವಿರಬೇಕಿಲ್ಲ ಎಂದು ನಕ್ಷೆ ನೋಡುವಾಗ ನಮಗೆ ಹೊಳೆದಿರಲಿಲ್ಲ. ಬೆಳಗ್ಗೆ ‘ಮಾವ, ಇದಕ್ಕಿಂತ ಬಳ್ಳಾರಿ ರಸ್ತೆಯ ಬಸ್ಸೇ ಮೇಲು’ ಎಂದ.

ಮುರುಡೇಶ್ವರದ ಎದುರಿಗೆ ಬಂದಾಗ ಎಂಜಿನ್ ಗಕ್ಕನೆ ನಿಂತಿತು. 123 ಅಡಿಯ ಶಿವನ ಮೂರ್ತಿ ದಡದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಪಶ್ಚಿಮಕ್ಕೆ ನೇತ್ರಾಣಿ ದ್ವೀಪ. ಬಲೆಗಳ ಗುರುತಿಗೆ ಕಟ್ಟಿದ ಪ್ಲಾಸ್ಟಿಕ್ ಕ್ಯಾನು, ಥರ್ಮೊಕೋಲ್ ತುಂಡು, ಬಾವುಟಗಳಿಗಾಗಿ ನಾವು ಕಣ್ಣಿಟ್ಟಿದ್ದೆವು. ಯಾರೋ ಕಡಿದು ಬಿಟ್ಟ ಬಲೆಯ ತುಂಡು ನೀರಿನ ಕೆಳಗೆ ತೇಲುತ್ತಿದ್ದರೆ ಯಾವ ಕಣ್ಣಿಗೂ ಕಾಣುವುದಿಲ್ಲ. ಅದು ಪ್ರೊಪೆಲ್ಲರಿಗೆ ಸುತ್ತಿಕೊಂಡಿತ್ತು. ಹಾಯಿ ಇಳಿಸಿದೆವು. ನೌಕೆ ತೇಲುತ್ತಿರಲಿ ಎಂದು ಬಿಟ್ಟು, ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿ, ಟಾರ್ಪಾಲಿನ್ ಕೊಯ್ಯುವ ನನ್ನ ಬಾಗಿದ ಚಾಕು ಕೊಟ್ಟು ನೀರಿಗಿಳಿಸಿದೆವು. ಅಲೆಯಲ್ಲಿ ಎದ್ದು ಬೀಳುವ ನೌಕೆಯ ಕೆಳಗೆ ತಲೆ ಇಡುವುದು ಸಣ್ಣ ಮಾತಲ್ಲ. ಮುಳುಗಿ, ಒಂದಿಷ್ಟು ಕೊಯ್ದು, ಮೇಲೆ ಬಂದು ಉಸಿರೆಳೆದು, ಮತ್ತೆ ಮುಳುಗಿ, ಕೊನೆಗೆ ಹಸಿರು ನೈಲಾನಿನ ದೊಡ್ಡ ಗಂಟನ್ನೇ ಮೇಲೆ ಎಸೆದ. ಬೆನ್ನು ತುಂಬ ಗೀರು. ಇದನ್ನು ನನ್ನ ಅಕ್ಕನಿಗೆ ಈವರೆಗೆ ಹೇಳಿಲ್ಲ.

ಮಲ್ಪೆಯಲ್ಲಿ ಲಂಗರು ಹಾಕುವ ಪ್ರಶ್ನೆಯೇ ಬರಲಿಲ್ಲ. ಬಂದರಿನೊಳಗೆ ನೀರು ಕಾಣುವುದಿಲ್ಲ, ಬೋಟುಗಳೇ ಕಾಣುತ್ತವೆ. ಧಕ್ಕೆಗೆ ಒಂದು ಬೋಟು, ಅದಕ್ಕೆ ಇನ್ನೊಂದು, ಅದಕ್ಕೆ ಮತ್ತೊಂದು ಹೀಗೆ ಸಾಲಾಗಿ ಕಟ್ಟಿರುತ್ತಾರೆ. ನಮಗೂ ಒಂದು ಸಾಲಿನ ತುದಿಯಲ್ಲಿ ಜಾಗ ಕೊಟ್ಟರು. ಇಂಥಲ್ಲಿ ಕಟ್ಟುವುದಕ್ಕೆ ರೀತಿ ಇದೆ. ಮುಂದೆ, ಹಿಂದೆ ಒಂದೊಂದು ಹಗ್ಗ ಸಾಲದು. ನೌಕೆ ಹಿಂದಕ್ಕೂ ಮುಂದಕ್ಕೂ ಜಾರದಂತೆ ಕೋನವಾಗಿ ಇನ್ನೆರಡು ಬೇಕು. ಪಕ್ಕದ ಬೋಟಿನ ಕಬ್ಬಿಣಕ್ಕೆ ನಮ್ಮ ಫೈಬರ್ ಉಜ್ಜದಿರಲು ಗಾಳಿ ತುಂಬಿದ ಮೆತ್ತೆಗಳಿದ್ದವು, ಅವುಗಳ ಹೊರಗೆ ಮೀನುಗಾರರು ತಮ್ಮ ಹಳೆಯ ಲಾರಿ ಟೈರುಗಳನ್ನೇ ಇಳಿಬಿಟ್ಟರು. ಎಲ್ಲಕ್ಕಿಂತ ಮುಖ್ಯ ಕೇಳಬೇಕಾದ ಮಾತು: ನಿಮ್ಮ ಬೋಟು ಎಷ್ಟು ಹೊತ್ತಿಗೆ ಹೊರಡುತ್ತದೆ? ನಮ್ಮ ಒಳಗಿನ ಬೋಟಿನವರು ‘ಮೂರು ಗಂಟೆಗೆ’ ಎಂದರು, ಬೆಳಗಿನ ಜಾವದ ಮೂರು. ಎರಡೂವರೆಗೆ ಎದ್ದು ನಮ್ಮ ಹಗ್ಗಗಳನ್ನು ಬಿಚ್ಚಿ ಅವರನ್ನು ಬಿಟ್ಟುಕೊಟ್ಟು, ಅವರಾಚೆಗಿನ ಬೋಟಿಗೆ ಮತ್ತೆ ಕಟ್ಟಿಕೊಂಡೆವು. ಮಂಜುಗಡ್ಡೆ ಪುಡಿ ಮಾಡುವ ಯಂತ್ರದ ಸದ್ದು, ಡೀಸೆಲ್ ಹೊಗೆ, ಬಂಗುಡೆಯ ವಾಸನೆ ಎಲ್ಲ ಇತ್ತು. ಆದರೂ ಅಂದು ನಾನು ಚೆನ್ನಾಗಿ ನಿದ್ದೆ ಮಾಡಿದೆ. ಅಷ್ಟು ಜನ ಎಚ್ಚರವಿರುವ ಕಡೆ ನೌಕೆ ಎಲ್ಲಿಗೂ ಜಾರಿ ಹೋಗುವುದಿಲ್ಲ. ಬಾಡಿಗೆ ಕೇಳದೆ, ಬದಲಾಗಿ ಅವರ ಹರಿದ ಟಾರ್ಪಾಲಿನ್ ತೋರಿಸಿ ನನ್ನಿಂದ ಹೊಲಿಗೆ ಹಾಕಿಸಿಕೊಂಡರು. ಸೂಜಿ, ದಾರ, ಹಿತ್ತಾಳೆ ಉಂಗುರ ನನ್ನ ಚೀಲದಲ್ಲಿ ಯಾವಾಗಲೂ ಇರುತ್ತವೆ.

ಮಂಗಳೂರಿಗೆ ಪಣಂಬೂರಿನ ದೊಡ್ಡ ಬಂದರು ಹಡಗುಗಳಿಗೆ. ನಮ್ಮಂಥವರು ಹೋಗಬೇಕಾದ್ದು ನೇತ್ರಾವತಿ, ಗುರುಪುರ ನದಿಗಳು ಕೂಡಿ ಸಮುದ್ರ ಸೇರುವ ಅಳಿವೆಬಾಗಿಲಿನಿಂದ ಒಳಗೆ. ಹೊನ್ನಾವರದ ಪಾಠದ ನಂತರ ಇದನ್ನು ದಿನ ನೋಡಿಯೇ ಇಟ್ಟೆವು. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು ಈ ಭಾಗದಲ್ಲಿ ದೊಡ್ಡ ಉಬ್ಬರ ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಬರುತ್ತದೆ, ಆಮೇಲೆ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಮೀನುಗಾರರು ಕೋಷ್ಟಕ ನೋಡುವುದಿಲ್ಲ, ತಿಥಿ ಹೇಳಿದರೆ ಸಾಕು, ನೀರು ಹೇಳುತ್ತಾರೆ. ಅಮಾವಾಸ್ಯೆಯ ದಿನ ಬೆಳಗ್ಗೆ ಹೊರಗೆ ತೇಲುತ್ತಾ ಕಾದು, ಉಬ್ಬರ ಇನ್ನೂ ಏರುತ್ತಿರುವಾಗಲೇ, ಒಳಗೆ ಹೋಗುತ್ತಿದ್ದ ಬೋಟೊಂದನ್ನು ಕೂಗಿ ಕೇಳಿದೆವು: ‘ಅಣ್ಣಾ, ನಿಮ್ಮ ಹಿಂದೆ ಬರಬಹುದೇ? ನಮಗೆ ಎರಡು ಮೀಟರ್ ನೀರು ಬೇಕು.’ ಅವರು ವೇಗ ತಗ್ಗಿಸಿದರು. ಏರುವ ನೀರಿನಲ್ಲಿ ಹೋಗುವುದರಲ್ಲಿ ಇನ್ನೊಂದು ಲಾಭವಿದೆ: ಮರಳಿಗೆ ತಾಗಿದರೂ ಸ್ವಲ್ಪ ಹೊತ್ತಿಗೆ ನೀರೇ ಎತ್ತಿ ಬಿಡುತ್ತದೆ. ಆಳದ ಯಂತ್ರ 3 ತೋರಿಸಿತು, 2.6, 2.4. ಯಾರೂ ಮಾತಾಡಲಿಲ್ಲ. ಮತ್ತೆ 3, ಆಮೇಲೆ 5. ಒಳಗೆ ಹಳೆಯ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿ ಎಂಬ ಮರದ ನೌಕೆಗಳು ನಿಂತಿದ್ದವು. ಅವನ್ನು ದಾಟಿ ಗುರುಪುರ ನದಿಯಲ್ಲಿ ಮೇಲಕ್ಕೆ ಸಾಗಿ, ಸುಲ್ತಾನ್ ಬತ್ತೇರಿಯ ಬಳಿ ದೋಣಿಗಳ ದಾರಿ ಬಿಟ್ಟು ಕೆಸರಿನ ತಳದಲ್ಲಿ ಲಂಗರು ಹಾಕಿದೆವು. ನದಿಯಲ್ಲಿ ದಿನಕ್ಕೆ ನಾಲ್ಕು ಸಲ ನೀರು ದಿಕ್ಕು ಬದಲಿಸುವುದರಿಂದ ನೌಕೆ ಸುತ್ತು ತಿರುಗುತ್ತದೆ, ಅಕ್ಕಪಕ್ಕದ ದೋಣಿಗಳಿಗೆ ತಾಗದಷ್ಟು ವೃತ್ತ ಬಿಡಬೇಕು. ಆ ವೃತ್ತ ಚಿಕ್ಕದಾಗಲೆಂದು ಎರಡು ಲಂಗರು, ಒಂದು ಮೇಲ್ಮುಖಕ್ಕೆ, ಒಂದು ಕೆಳಮುಖಕ್ಕೆ.

ಯಾಟ್ ಈಗಲೂ ಮಂಗಳೂರಿನಲ್ಲೇ ಇದೆ, ನೀರಿನಲ್ಲಿಲ್ಲ. ಮುಂಗಾರಿನಲ್ಲಿ ಈ ಕರಾವಳಿಯಲ್ಲಿ ಯಾವ ಜಾಗವನ್ನೂ ನಂಬಲಾಗದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೇ ನಿಷೇಧವಿದೆ. ನದಿದಡದ ದೋಣಿ ಕಟ್ಟುವ ಅಂಗಳವೊಂದರಲ್ಲಿ ಕ್ರೇನ್ ಹಾಕಿ ಎತ್ತಿಸಿ, ಮರದ ಆಧಾರ ಕೊಟ್ಟು ನಿಲ್ಲಿಸಿದ್ದೇವೆ. ಅದಕ್ಕೆ ಹೊದಿಸಿದ ಹೊದಿಕೆ ನನ್ನ ಅಂಗಡಿಯದು. ಮಂಗಳೂರಿನ ಮಳೆ ತಡೆಯಬೇಕೆಂದು ಹೊಲಿಗೆಯ ಮೇಲೆ ಇನ್ನೊಂದು ಪಟ್ಟಿ ಬಿಸಿಯಿಂದ ಅಂಟಿಸಿ ಕೊಟ್ಟಿದ್ದೇನೆ. ಮುಂದಿನ ಚಳಿಗಾಲಕ್ಕೆ ಗೆಳೆಯ ಅದನ್ನು ಗೋವಾಕ್ಕೆ ವಾಪಸು ಒಯ್ಯಬೇಕು ಎನ್ನುತ್ತಿದ್ದಾನೆ. ಉತ್ತರಕ್ಕೆ ಹೋಗುವಾಗ ಮಧ್ಯಾಹ್ನದ ಗಾಳಿ ಮುಖಕ್ಕೆ ಹೊಡೆಯುತ್ತದೆ. ಬೆಳಗಿನ ಜಾವದ ದಡದ ಗಾಳಿಯಲ್ಲಿ ಆದಷ್ಟು ಓಡಿ ಊಟದ ಹೊತ್ತಿಗೇ ಲಂಗರು ಹಾಕಬೇಕಾಗುತ್ತದೆ. ಅಂದರೆ ದಿನಕ್ಕೆ ಸಾಗುವ ದಾರಿ ಅರ್ಧ, ಹುಡುಕಬೇಕಾದ ಜಾಗ ಎರಡು ಪಟ್ಟು. ಸರಪಳಿಯನ್ನು 50 ಮೀಟರ್ ಮಾಡಿದರೆ ಬರುತ್ತೇನೆ, ಇಲ್ಲವಾದರೆ ಇಲ್ಲ ಎಂದಿದ್ದೇನೆ. ಹರಿಹರದಿಂದ ದಿನಾ ಫೋನ್ ಮಾಡುತ್ತಾನೆ, 40ಕ್ಕೆ ಒಪ್ಪಿಕೋ ಎಂದು ಚೌಕಾಸಿ ನಡೆಸಿದ್ದಾನೆ.